ಹೆಸರು ಬರೆಯದ ಟ್ಯೂಬು

"ಮುಷ್ಟಿ ಬಿಗಿ ಹಿಡೀರಿ," ಎಂದಳು ಸೂಜಿಯಕ್ಕ.

"ಹನ್ನೊಂದು ದಿನದಿಂದ ಬಿಗಿ ಹಿಡಿದೇ ಕೂತಿದೀನಿ," ಎಂದಳು ಕುರ್ಚಿಯಲ್ಲಿದ್ದವಳು. "ಇನ್ನೆಷ್ಟು ಹಿಡೀಲಿ?"

ಸೂಜಿಯಕ್ಕ ರಬ್ಬರ್ ಪಟ್ಟಿ ಬಿಗಿದು, ಮೊಣಕೈಯ ಒಳಮಡಿಕೆಯಲ್ಲಿ ಎರಡು ಬೆರಳಿಟ್ಟು ನರ ಹುಡುಕಿದಳು. ಇರಬೇಕಾದ ಕಡೆ ಇರಲಿಲ್ಲ. ಒಂದು ಬೆರಳಗಲ ಹೊರಕ್ಕೆ ಸರಿದು, ನಾಚಿಕೊಂಡವರ ಹಾಗೆ ಮೂಳೆಯ ಮರೆಯಲ್ಲಿ ನಿಂತಿತ್ತು. ಇವಳ ಅಪ್ಪನದೂ ಹೀಗೇ ಇತ್ತು. ಐದು ವರ್ಷ ಅವರಿಗೆ ಚುಚ್ಚಿದ ಬೆರಳು ಅದನ್ನು ಮರೆತಿರಲಿಲ್ಲ. ಕಣ್ಣಿಗಿಂತ ಮೊದಲೇ ಹೋಗಿ ಅಲ್ಲಿ ಕೂತಿತು.

ಎರಡು ಟ್ಯೂಬು ತುಂಬಿದವು. ಇಬ್ಬರೂ ರಕ್ತದ ಕಡೆ ನೋಡುತ್ತಿದ್ದರು, ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಕುರ್ಚಿಯಲ್ಲಿದ್ದವಳ ಅಪ್ಪ, ಪ್ರೆಸ್ಸಿನ ಯಜಮಾನರೆಂದೇ ಎಲ್ಲರ ಬಾಯಲ್ಲಿದ್ದ ಮುದುಕರು, ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಬೆಳಿಗ್ಗೆ ಏಳೂವರೆಗೆ ಹೃದಯ ನಿಂತು ತೀರಿಕೊಂಡಿದ್ದರು. ಅದಕ್ಕೂ ಒಂದೂವರೆ ಗಂಟೆ ಮೊದಲು ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಕೊಲ್ಲುವಷ್ಟಿದೆ ಎಂದು ಈ ಲ್ಯಾಬು ಬರೆದು ಕೊಟ್ಟಿತ್ತು. ವಾರ್ಡಿನ ಬೀರುವಿನಲ್ಲಿ ಅದೇ ಲವಣದ ಒಂದು ಇಂಜೆಕ್ಷನ್ ಕಾಣೆಯಾಗಿತ್ತು. ರಾತ್ರಿಪಾಳಿಯ ಸಿಸ್ಟರ್ ಮೇಲೆ ಕೊಲೆಯ ಆರೋಪ ಬಂತು.

ರಕ್ತ ತೆಗೆದವಳು ಸೂಜಿಯಕ್ಕ. ವರದಿಗೆ ಸಹಿ ಹಾಕಿದವಳೂ ಅವಳೇ.

"ಹತ್ತಿ ಒತ್ತಿ ಹಿಡೀರಿ. ಕೈ ಮಡಚಬೇಡಿ."

"ನೀವು ಒಂದು ಮಾತು ಹೇಳಿ." ಯಜಮಾನರ ಮಗಳು ಹತ್ತಿಯನ್ನು ಒತ್ತಲಿಲ್ಲ, ಒಂದು ಹನಿ ಮೂಡಿ ನಿಂತಿತು. "ನಿಮ್ಮ ರಿಪೋರ್ಟ್ ನಂಬಿ ನಾನು ದೂರು ಕೊಟ್ಟೆ. ಈಗ ನಿಮ್ಮ ರಿಪೋರ್ಟೇ ಸುಳ್ಳು ಅಂತ ಸಾಬೀತು ಮಾಡೋಕೆ ನನ್ನ ರಕ್ತ ಕೇಳ್ತೀರಿ. ನಿಮಗೆ ಬೇಕಾದಾಗ ನಿಜ, ಬೇಡವಾದಾಗ ಸುಳ್ಳು. ಇದೇನು ಲ್ಯಾಬೋ, ಗಿಣಿಶಾಸ್ತ್ರದ ಪಂಜರವೋ?"

"ರಿಪೋರ್ಟ್ ಸುಳ್ಳಲ್ಲ. ಟ್ಯೂಬಿನಲ್ಲಿ ಇದ್ದದ್ದನ್ನೇ ಬರೆದೆ."

"ಮತ್ತೆ?"

"ಟ್ಯೂಬಿನಲ್ಲಿ ಇದ್ದದ್ದು ಅವರ ಮೈಯಲ್ಲಿ ಇರಲಿಲ್ಲ ಅಂತ ಅನುಮಾನ."

ಕಿಟಕಿಯ ಬಳಿ ನಿಂತಿದ್ದ ತನಿಖಾಧಿಕಾರಿ ಕೆಮ್ಮಿದರು. ಮೆತ್ತಗೆ ಮಾತಾಡುವ ಮನುಷ್ಯ. ಎದುರಿನವರು ಕಿವಿ ಮುಂದೆ ಚಾಚಬೇಕು. ಚಾಚಿದವರು ಸಿಕ್ಕಿಬಿದ್ದರು ಎಂದು ಠಾಣೆಯಲ್ಲಿ ನಗೆಮಾತಿತ್ತು. "ಅವರಿಗೆ ಅರ್ಥ ಆಗೋ ಹಾಗೆ ಹೇಳಿಬಿಡಿ, ಅಕ್ಕ," ಎಂದರು. "ನನಗೂ ಇನ್ನೊಂದು ಸಲ ಕೇಳಿದ ಹಾಗಾಗುತ್ತೆ."

ಸೂಜಿಯಕ್ಕ ಟ್ಯೂಬುಗಳನ್ನು ತಲೆಕೆಳಗು ಮಾಡದೆ ಸ್ಟ್ಯಾಂಡಿನಲ್ಲಿಟ್ಟಳು. ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. ಹನ್ನೊಂದು ದಿನದಿಂದ ಇರಲಿಲ್ಲ.

"ರಕ್ತದ ಕಣ ಅಂದ್ರೆ ಒಂದು ಬಿಂದಿಗೆ ಅಂದ್ಕೊಳ್ಳಿ. ಪೊಟ್ಯಾಸಿಯಂ ಇರೋದು ಬಿಂದಿಗೆ ಒಳಗೆ. ನಾವು ಅಳೆಯೋದು ಬಿಂದಿಗೆ ಹೊರಗಿನ ನೀರನ್ನ. ಬಿಂದಿಗೆ ಒಡೆದರೆ ಒಳಗಿನದು ಹೊರಗೆ ಬರುತ್ತೆ. ಆದರೆ ಒಡೆದರೆ ನೀರೂ ಕೆಂಪಾಗುತ್ತೆ, ನಮಗೆ ಗೊತ್ತಾಗುತ್ತೆ. ಎಲ್ಲೋ ಅಪರೂಪಕ್ಕೆ ಕೆಲವು ಮನೆತನದಲ್ಲಿ ಬಿಂದಿಗೆ ಒಡೆಯಲ್ಲ, ಸೋರುತ್ತೆ. ಮೈಯ ಬಿಸಿಯಲ್ಲಿದ್ದಾಗ ಅದೂ ಇಲ್ಲ. ಹೊರಗೆ ತೆಗೆದು ತಣ್ಣಗೆ ಇಟ್ಟರೆ ಮಾತ್ರ. ಬಣ್ಣ ಕೆಡಲ್ಲ. ಮನುಷ್ಯ ಗಟ್ಟಿಮುಟ್ಟಾಗೇ ಇರ್ತಾನೆ, ಟ್ಯೂಬು ಮಾತ್ರ ಸಾಯೋ ಲೆಕ್ಕ ಹೇಳುತ್ತೆ."

"ಅವತ್ತು ತಣ್ಣಗೆ ಇಟ್ಟಿದ್ರಾ?"

"ಇಟ್ಟಿದ್ದೆ."

ಬೇರೆ ಏನು ಹೇಳುವುದು? ಅವತ್ತು ರಕ್ತ ತಿರುಗಿಸುವ ಯಂತ್ರದ ಮುಚ್ಚಳ ಕಚ್ಚಿಕೊಂಡಿತ್ತು. ರಿಪೇರಿಯವನು ಬರುವಷ್ಟರಲ್ಲಿ ಹನ್ನೆರಡೂವರೆ. ಅಲ್ಲಿಯವರೆಗೆ ಮೂವತ್ತೊಂದು ಟ್ಯೂಬು ಏಸಿ ಕೋಣೆಯ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಮೂವತ್ತರಲ್ಲಿ ಏನೂ ಏರಿರಲಿಲ್ಲ, ಒಂದರಲ್ಲಿ ಏರಿತ್ತು. ಆ ಒಂದರ ಸೀರಮನ್ನು, ಕಣ ಕೆಳಗಿಳಿದ ಮೇಲಿನ ತಿಳಿಯನ್ನು, ಬೆಳಕಿಗೆ ಹಿಡಿದು ನೋಡಿದ್ದಳು: ಹೊಸ ಹುಲ್ಲಿನ ಬಣ್ಣ, ಕೆಂಪಿನ ಸುಳಿವಿಲ್ಲ. 'ಮಾದರಿ ಸರಿಯಾಗಿದೆ' ಎಂದು ಬರೆದಳು. ಎರಡು ಪದ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಎಚ್ಚರದಿಂದ ಬರೆದ ಪದಗಳು ಬೇರೆ ಇರಲಿಲ್ಲ. ಆ ಎಚ್ಚರವೇ ಸಿಸ್ಟರ್ ಕೊರಳಿಗೆ ಸುತ್ತಿಕೊಂಡಿತು.

ಸತ್ತ ಮೇಲೆ ಯಾರ ರಕ್ತದಲ್ಲಾದರೂ ಆ ಲವಣ ಏರುತ್ತದೆ. ಹಾಗಾಗಿ ಶವಪರೀಕ್ಷೆ ಬಾಯಿ ಬಿಡಲಾರದು. ಉಳಿದದ್ದು ಹಳೆಯ ಕಡತ. ಮೊನ್ನೆ ಊಟದ ಹೊತ್ತಿನಲ್ಲಿ ಯಜಮಾನರ ಐದು ವರ್ಷದ ಮಾಮೂಲಿ ರಕ್ತಪರೀಕ್ಷೆಗಳನ್ನು ಹರಡಿಕೊಂಡು ಕೂತಾಗ ಅವಳಿಗೆ ಅದು ಕಂಡಿತ್ತು. ಯಜಮಾನರೇ ನಡೆದು ಬಂದು ಕೈಚಾಚಿದ ದಿನಗಳಲ್ಲಿ ಎಲ್ಲ ಸರಿ. ಮನೆಮನೆಯಿಂದ ರಕ್ತ ತರುವ ಗಾಡಿಯಲ್ಲಿ ಅವರ ಟ್ಯೂಬು ತಣ್ಣನೆಯ ಪೆಟ್ಟಿಗೆಯೊಳಗೆ ಕೂತು ಮಧ್ಯಾಹ್ನಕ್ಕೆ ಬಂದ ದಿನಗಳಲ್ಲಿ ಏರಿಕೆ. ಎಂಟು ಸಲಕ್ಕೆ ಎಂಟು ಸಲ. ಅದನ್ನೂ ಹೇಳಿದಳು.

"ಅದಕ್ಕೇನಾ..." ಮಗಳು ನಿಲ್ಲಿಸಿದಳು. ಈಗ ಅವಳ ಬೆರಳು ತಾನಾಗಿ ಹತ್ತಿಯನ್ನು ಒತ್ತಿತು. "ಎರಡು ವರ್ಷದ ಹಿಂದೆ ಡಾಕ್ಟರು ಹೇಳಿದ್ರು, ರಕ್ತದಲ್ಲಿ ಆ ಉಪ್ಪು ಜಾಸ್ತಿ ಇದೆ, ಬಾಳೆಹಣ್ಣು ಮುಟ್ಟಬೇಡಿ ಅಂತ. ಅಪ್ಪನಿಗೆ ಬಾಳೆಹಣ್ಣು ಅಂದ್ರೆ ಪ್ರಾಣ. ನಾನು ಮನೆಯೊಳಗೆ ತರೋದೇ ಬಿಟ್ಟೆ. ಒಂದಿನ ಪ್ರೆಸ್ಸಿನಲ್ಲಿ ಮೆಷಿನ್ ಹಿಂದೆ ಕೂತು ಕದ್ದು ತಿಂತಿದ್ರು. ಕೈಯಿಂದ ಕಿತ್ತು ಬಿಸಾಕಿದ್ದೆ." ಅವಳು ಕೋಣೆಯ ಗೋಡೆಯನ್ನು ನೋಡಿದಳು. "ಅದೂ ಟ್ಯೂಬಿನ ಮಾತು ಕೇಳಿಕೊಂಡಾ?"

ಅಳಬೇಕಾದವಳು ಅಳಲಿಲ್ಲ. ಸಮಾಧಾನ ಹೇಳಬೇಕಾದವಳು ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕಿದಳು.

"ಅಪ್ಪನಿಗೆ ಇದ್ದದ್ದು ನನಗೆ ಇರಲೇಬೇಕಾ?"

"ಇರಬಹುದು, ಇಲ್ಲದೆಯೂ ಇರಬಹುದು. ಅರ್ಧಕ್ಕರ್ಧ."

"ಇಲ್ಲ ಅಂತ ಬಂದರೆ ನಿಮ್ಮ ಸಿಸ್ಟರ್ ಒಳಗೆ."

"ಬಂದರೆ ನಾಳೆ ಹತ್ತು ಗಂಟೆಗೆ," ಎಂದರು ಅಧಿಕಾರಿ, ಕಿಟಕಿಯಿಂದ ಕೆಳಗೆ ನೋಡುತ್ತ. "ಮೇಲಿನವರು ಕಾಗದ ತಯಾರು ಮಾಡಿ ಇಟ್ಟಿದಾರೆ. ಸಂಜೆ ನಾನು ಏನು ತಗೊಂಡು ಹೋಗ್ತೀನಿ ಅನ್ನೋದರ ಮೇಲಿದೆ."

ಕೆಳಗೆ, ಔಷಧದಂಗಡಿಯ ಎದುರಿನ ಕಲ್ಲುಬೆಂಚಿನ ಮೇಲೆ ಸಿಸ್ಟರ್ ಕೂತಿದ್ದಳು. ಯೂನಿಫಾರ್ಮ್ ಇಲ್ಲದೆ ಅವಳು ಯಾರೋ ಬೇರೆಯವಳಂತೆ ಕಾಣುತ್ತಿದ್ದಳು. ನಗೆ ಸಿಸ್ಟರ್ ಎಂದು ರೋಗಿಗಳೇ ಇಟ್ಟ ಹೆಸರು. ಆ ಇಂಜೆಕ್ಷನ್ ಕೈಜಾರಿ ಒಡೆಯಿತು, ಬರೆದಿಡಲು ಮರೆತೆ ಎಂದು ಹನ್ನೊಂದು ದಿನದಿಂದ ಹೇಳುತ್ತಿದ್ದಳು. ನಿಜ ಒಂದೇ ಇದ್ದರೂ, ಹತ್ತು ಸಲ ಹೇಳಿದರೆ ಸುಳ್ಳಿನ ಹಾಗೆ ಕೇಳಿಸುತ್ತದೆ.

*

ಆ ಲ್ಯಾಬಿನಲ್ಲಿ ಒಂದು ಹಳೆಯ ಹಠವಿತ್ತು. ಮಾಮೂಲಲ್ಲದ ಪರೀಕ್ಷೆ ಮಾಡುವಾಗ, ಹೋಲಿಸಿ ನೋಡಲು ಆರೋಗ್ಯವಂತರಿಬ್ಬರ ರಕ್ತ ಜೊತೆಗಿಡಬೇಕು. ಬೇರೆ ಕಡೆ ಒಂದು ಸಾಕು. ಇಲ್ಲಿ ಎರಡೇ ಬೇಕು. ಅದಕ್ಕೆ ಕಂಟ್ರೋಲ್ ಎಂದು ಹೆಸರು. ಆಯಾ ದಿನ ಬಾಗಿಲು ತೆರೆದವರು ಒಂದನೆಯ ಕಂಟ್ರೋಲ್, ನೆಲ ಒರೆಸಿದವರು ಎರಡನೆಯದು. ಟ್ಯೂಬಿನ ಮೇಲೆ ಹೆಸರು ಬರೆಯುವಂತಿಲ್ಲ, ಅಂಕೆ ಮಾತ್ರ. ಉಪಕಾರಕ್ಕೆ ಕೈಚಾಚಿದವರ ಗುಟ್ಟು ಊರಿಗೆ ಗೊತ್ತಾಗಬಾರದೆಂದು ಎಂದೋ ನಿವೃತ್ತರಾದ ದೊಡ್ಡ ಡಾಕ್ಟರು ಹಾಕಿದ ಕಟ್ಟಳೆ. ಹಾಕಿದವರು ಹೋದರು, ಕಟ್ಟಳೆ ಉಳಿಯಿತು.

"ಗಡಿಯಾರ, ಕೈ ಕೊಡು," ಎಂದಳು ಸೂಜಿಯಕ್ಕ.

ಅಟೆಂಡರ್‌ಗೆ ಗಡಿಯಾರ ಎಂಬ ಹೆಸರು ಬಂದದ್ದು ಎಂದೂ ಸಮಯಕ್ಕೆ ಬಾರದ ಕಾರಣಕ್ಕೆ. "ಇವತ್ತೊಂದಿನ ಬೇಗ ಬಂದೆ ನೋಡಿ, ಅದಕ್ಕೆ ದಂಡ," ಎಂದು ತೋಳು ಮಡಚಿದ. "ತಗೊಳ್ಳಿ, ಆದರೆ ನನ್ನ ರಕ್ತ ಸೋರೋ ಜಾತಿ ಅಲ್ಲ ಅಕ್ಕ. ನನ್ನ ಹೆಂಡತಿ ಹಿಂಡಿ ಹಿಂಡಿ ನೋಡಿದಾಳೆ. ಒಂದು ಹನಿ ಬಂದಿಲ್ಲ."

ಅಧಿಕಾರಿ ನಕ್ಕರು. ಯಜಮಾನರ ಮಗಳ ತುಟಿಯೂ ಒಂದಿಷ್ಟು ಅಲುಗಿತು. ಸೂಜಿಯಕ್ಕನ ಮುಖಕ್ಕೆ ನಗು ತಲುಪಲಿಲ್ಲ. ಅವನ ಎರಡು ಟ್ಯೂಬು ತೆಗೆದಳು. ಆಮೇಲೆ ತನ್ನ ಎಡತೋಳಿಗೆ ಗಡಿಯಾರನಿಂದ ಪಟ್ಟಿ ಕಟ್ಟಿಸಿಕೊಂಡು, ಬಲಗೈಯಲ್ಲಿ ತಾನೇ ಚುಚ್ಚಿಕೊಂಡಳು. ಬಾಗಿಲು ತೆರೆದವಳು ಅವಳೇ.

"ಅಬ್ಬ. ನಿಮಗೆ ನೀವೇ," ಎಂದರು ಅಧಿಕಾರಿ.

"ಕೈಗೆ ದಾರಿ ಗೊತ್ತು, ಸಾರ್."

ಕೈಗೆ ದಾರಿ ಗೊತ್ತಿತ್ತು. ಮಡಿಕೆಯಿಂದ ಒಂದು ಬೆರಳಗಲ ಹೊರಕ್ಕೆ, ಮೂಳೆಯ ಮರೆಗೆ. ಕೆಲಸ ಕಲಿತ ದಿನದಿಂದ ಅವಳ ನರ ಅಲ್ಲೇ ಇತ್ತು. ದಿನವೂ ನೋಡುವ ಗೋಡೆಯನ್ನು ಯಾರು ನೋಡುತ್ತಾರೆ?

ಪ್ರತಿಯೊಬ್ಬರ ಒಂದೊಂದು ಟ್ಯೂಬನ್ನು ಬಿಸಿ ಆರುವ ಮೊದಲೇ ಯಂತ್ರಕ್ಕೆ ಹಾಕಿದಳು. ಮಗಳದು ನಾಲ್ಕು ಪಾಯಿಂಟ್ ಮೂರು. ಮೊದಲ ಕಂಟ್ರೋಲ್ ನಾಲ್ಕು ಪಾಯಿಂಟ್ ಎರಡು. ಎರಡನೆಯದು ನಾಲ್ಕು. ಮೂವರದೂ ಸರಿ. ಉಳಿದ ಮೂರು ಟ್ಯೂಬುಗಳ ಮುಚ್ಚಳಕ್ಕೆ ಅಧಿಕಾರಿ ಬಿಳಿ ಚೀಟಿ ಅಂಟಿಸಿ, ಮುಚ್ಚಳದಿಂದ ಗಾಜಿಗೆ ಹಾಯುವಂತೆ ಸಹಿ ಎಳೆದರು. ಏಸಿ ಕೋಣೆಯಲ್ಲಿ, ಅವತ್ತಿನ ಮೇಜಿನ ಮೇಲೆ, ಅವತ್ತಿನಂತೆ ಆರೂವರೆ ಗಂಟೆ ನಿಲ್ಲಬೇಕು. ಮಗಳದು ಏರಿ, ಉಳಿದೆರಡು ಏರದಿದ್ದರೆ ಸಿಸ್ಟರ್ ಬದುಕಿದಳು.

"ಇನ್ನೊಂದಿದೆ," ಎಂದು ಅಧಿಕಾರಿ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟರು. "ಯಜಮಾನರ ಮಂಚದ ಕೆಳಗೆ ಒಂದು ಫ್ಲಾಸ್ಕ್ ಸಿಕ್ಕಿತ್ತು. ಯಾರೋ ಮರೆತು ಹೋದ ಸಾಮಾನು ಅಂತ ವಾರ್ಡಿನವರು ಮೂಲೆಗೆ ಎತ್ತಿಟ್ಟಿದ್ರು. ನಿನ್ನೆ ಕೈಗೆ ಬಂತು. ತಳದಲ್ಲಿ ಏನೋ ಒಣಗಿ ಹಿಡಿದಿತ್ತು, ಪರೀಕ್ಷೆಗೆ ಹೋಗಿದೆ. ಇದು ಅದರ ಗವಸು."

ಹಳೆಯ ಬಟ್ಟೆಯ ಪದರ ಪದರ ಸೇರಿಸಿ ಹೊಲಿದ ಬೂದುಬಣ್ಣದ ಗವಸು. ಬಿಸಿ ಆರದಿರಲೆಂದು ದಪ್ಪಗೆ ಮಾಡಿದ್ದು.

"ಅವತ್ತು ಐದೂ ಮುಕ್ಕಾಲಿಗೆ ಒಬ್ಬ ಹೆಂಗಸು ಮೇಲೆ ಹೋಗಿದಾಳೆ. ವಯಸ್ಸಾದವಳು. ಗೇಟಿನ ಪುಸ್ತಕದಲ್ಲಿ ಹೆಸರಿನ ಜಾಗದಲ್ಲಿ ಯಾರಿಗೂ ಓದೋಕೆ ಬಾರದ ಗೀಚು. ಸಂಬಂಧ ಅನ್ನೋ ಕಡೆ ಒಂದು ಗೆರೆ ಎಳೆದು ಬಿಟ್ಟಿದಾಳೆ."

ಮಗಳು ಕವರನ್ನು ಹತ್ತಿರ ಎಳೆದುಕೊಂಡಳು. ಮೂಲೆಯನ್ನು ಪ್ಲಾಸ್ಟಿಕ್ಕಿನ ಮೇಲಿಂದಲೇ ಹೆಬ್ಬೆರಳಲ್ಲಿ ಸವರಿದಳು. ಅವಳ ಉಗುರಿನ ಸಂದಿನಲ್ಲಿ ಶಾಯಿಯ ಕಪ್ಪು ಇತ್ತು.

"ಇದು ದರ್ಜಿ ಹೊಲಿಗೆ ಅಲ್ಲ," ಎಂದಳು.

"ಮತ್ತೆ?"

"ಬೈಂಡಿಂಗ್ ಹೊಲಿಗೆ. ಮೇಲೆ ಮೂರು, ಕೆಳಗೆ ಎರಡು, ಮಧ್ಯೆ ಒಂದು ಗಂಟು. ಪುಸ್ತಕದ ಬೆನ್ನು ಬಿಚ್ಚಿಕೊಳ್ಳಬಾರದು ಅಂತ ತಾತನ ಕಾಲದಲ್ಲಿ ನಮ್ಮ ಪ್ರೆಸ್ಸಿನಲ್ಲಿ ಹೀಗೆ ಹಾಕ್ತಿದ್ರು. ಮೆಷಿನ್ ಬಂದು ನಲವತ್ತು ವರ್ಷ ಆಯ್ತು. ಈ ಕೈ ಗೊತ್ತಿದ್ದವರು ಈಗ ಯಾರೂ ಇಲ್ಲ." ಕವರನ್ನು ತಳ್ಳಿದಳು. "ಇದ್ದಾರೆ ಅಂತಾಯ್ತು."

ಅಧಿಕಾರಿ ಸೂಜಿಯಕ್ಕನ ಕಡೆ ತಿರುಗಿದರು. "ನೀವು ಎಲ್ಲಾದರೂ ನೋಡಿದೀರಾ? ಎಲ್ಲರನ್ನೂ ಕೇಳ್ತಿದೀನಿ."

"ಇಲ್ಲ, ಸಾರ್."

ಕಣ್ಣು ಕಂಡಿತ್ತು. ಮನಸ್ಸು ಬಾಗಿಲು ಹಾಕಿಕೊಂಡಿತ್ತು. ಬಾಯಿ, ಯಾರ ಅಪ್ಪಣೆಯನ್ನೂ ಕೇಳದೆ, ಇಲ್ಲ ಎಂದಿತ್ತು.

*

ಮಧ್ಯಾಹ್ನದವರೆಗೆ ಅವಳು ನಲವತ್ತಾರು ಜನಕ್ಕೆ ಚುಚ್ಚಿದಳು. ಮುಷ್ಟಿ ಹಿಡೀರಿ, ಬಿಡಿ, ಮುಂದಿನವರು. ಒಬ್ಬ ಅಜ್ಜಿ, "ನೋವೇ ಆಗಲಿಲ್ಲ ಕಣಮ್ಮ, ನಿನ್ನ ಕೈ ಬೆಣ್ಣೆ" ಎಂದು ಹರಸಿ ಹೋದರು. ಯಜಮಾನರೂ ಹೀಗೇ ಹೇಳುತ್ತಿದ್ದರು. ಲ್ಯಾಬಿಗೆ ಬಂದ ದಿನ ಬೇರೆ ಯಾರಿಗೂ ಕೈ ಕೊಡುತ್ತಿರಲಿಲ್ಲ. "ನೀನೇ ಚುಚ್ಚು ಮಗಳೇ. ನೀನು ಚುಚ್ಚಿದ್ದು ನನಗೆ ನ್ಯಾಯವಾಗಿ ಸಲ್ಲಬೇಕಾದದ್ದು." ಮುದುಕರ ತಮಾಷೆ ಎಂದುಕೊಂಡಿದ್ದಳು. ಪ್ರತಿ ಸಲ, ಎದ್ದು ಹೋಗುವ ಮುಂಚೆ, ಅಮ್ಮ ಚೆನ್ನಾಗಿದಾರಾ ಎಂದು ಕೇಳುತ್ತಿದ್ದರು. ಅದನ್ನು ಎಲ್ಲರೂ ಕೇಳುತ್ತಾರೆ.

ಊಟದ ಹೊತ್ತಿಗೆ ಬಾಗಿಲ ಹಿಂದಿನ ಮೊಳೆಯಿಂದ ಚೀಲ ತೆಗೆದುಕೊಂಡಳು. ಅಮ್ಮ ಹೊಲಿದ ಚೀಲ. ಡಬ್ಬಿ ಇನ್ನೂ ಬೆಚ್ಚಗಿತ್ತು. ಅಮ್ಮ ಬಟ್ಟೆಯ ಪದರಗಳನ್ನು ಹಾಗೆ ಸೇರಿಸುತ್ತಾಳೆ, ಸಂಜೆಯವರೆಗೂ ಬಿಸಿ ಆರುವುದಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೂಲೆ ಕಾಣದಂತೆ ಅಂಗೈ ಮುಚ್ಚಿ ಉಂಡಳು. ಯಾರಿಗೆ ಕಾಣದಂತೆ ಎಂದು ಕೇಳಿದ್ದರೆ ಅವಳಿಗೇ ಗೊತ್ತಿರಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಗಡಿಯಾರ ಬಾಗಿಲಲ್ಲಿ ಇಣುಕಿದ. "ಅಕ್ಕ, ಸಿಸ್ಟರ್‌ಗೆ ಟೀ ಕೊಟ್ಟೆ. ಕುಡೀಲಿಲ್ಲ. ಲೋಟ ಹಿಡ್ಕೊಂಡು ಕೂತಿದಾಳೆ. 'ಅಕ್ಕನಿಗೆ ಹೇಳು, ಏನು ಬಂದರೂ ಅವರು ಬರೆದದ್ದರ ಮೇಲೆ ನನಗೆ ಕೋಪ ಇಲ್ಲ' ಅಂದಳು."

"ಸರಿ."

"ಅಷ್ಟೇನಾ? ಏನಾದ್ರೂ ಹೇಳಿ ಕಳಿಸಿ."

"ಮೂರು ಗಂಟೆಗೆ ಹೇಳ್ತೀನಿ ಅನ್ನು."

ಮೂರಕ್ಕೆ ಚೀಟಿ ಹರಿದು, ಮೂರು ಟ್ಯೂಬು ತಿರುಗಿಸಿದಳು. ಮೂರರಲ್ಲೂ ಸೀರಮ್ ಹುಲ್ಲಿನ ಬಣ್ಣಕ್ಕೆ ನಿಂತಿತು. ಕೆಂಪಿಲ್ಲ. ಒಂದರ ಹಿಂದೆ ಒಂದರಂತೆ ಯಂತ್ರ ನುಂಗಿತು. ಒಂದರ ಹಿಂದೆ ಒಂದರಂತೆ ಅಂಗೈಯಗಲದ ಚೀಟಿಗಳನ್ನು ಉಗುಳಿತು.

ಯಜಮಾನರ ಮಗಳು: ಏಳು ಪಾಯಿಂಟ್ ನಾಲ್ಕು.

ಸೂಜಿಯಕ್ಕ ಉಸಿರು ಬಿಟ್ಟಳು. ಬೆಳಿಗ್ಗೆ ನಾಲ್ಕೂ ಚಿಲ್ಲರೆ, ಈಗ ಏಳರ ಮೇಲೆ. ಬಿಂದಿಗೆ ಸೋರಿತ್ತು. ಅಪ್ಪನದೂ ಸೋರಿತ್ತು. ಸಿಸ್ಟರ್ ಬದುಕಿದಳು.

ಎರಡನೆಯ ಕಂಟ್ರೋಲ್: ನಾಲ್ಕು ಪಾಯಿಂಟ್ ಒಂದು. ಗಡಿಯಾರನ ಹೆಂಡತಿಯ ಮಾತು ದಿಟ.

ಮೊದಲ ಕಂಟ್ರೋಲ್: ಏಳು ಪಾಯಿಂಟ್ ಒಂದು.

ಅವಳು ಚೀಟಿಯನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ. ಟ್ಯೂಬನ್ನು ಇನ್ನೊಮ್ಮೆ ಯಂತ್ರಕ್ಕೆ ಕೊಟ್ಟಳು. ಏಳು ಪಾಯಿಂಟ್ ಒಂದು. ಯಂತ್ರ ತೊಳೆದು ಮತ್ತೊಮ್ಮೆ. ಏಳು ಪಾಯಿಂಟ್ ಒಂದು. ಯಂತ್ರಕ್ಕೆ ಮುಲಾಜಿಲ್ಲ.

ವರ್ಷವರ್ಷ ಸಿಬ್ಬಂದಿಯ ಪರೀಕ್ಷೆಯಲ್ಲಿ ಅವಳ ರಕ್ತ ಸರಿಯಾಗಿಯೇ ಬರುತ್ತಿತ್ತು. ಬರದೆ ಏನು? ಇಲ್ಲೇ ತೆಗೆದು, ಇಲ್ಲೇ, ಬಿಸಿಬಿಸಿಯಾಗಿ ಯಂತ್ರಕ್ಕೆ ಹಾಕುತ್ತಿದ್ದರು. ಅವಳ ರಕ್ತಕ್ಕೆ ಎಂದೂ ಕಾಯುವ ಪ್ರಸಂಗ ಬಂದಿರಲಿಲ್ಲ.

ಇಡೀ ಊರು ಜಾಲಾಡಿದರೂ ಎರಡನೇ ಮನೆಯಲ್ಲಿ ಸಿಗುವುದು ಕಷ್ಟ ಎಂದು ದೊಡ್ಡ ಡಾಕ್ಟರು ಹಿಂದೆ ಪಾಠ ಹೇಳುವಾಗ ಅಂದಿದ್ದ ರಕ್ತ. ಅಪ್ಪ ಹೇಗಿದ್ದರು ಎಂದು ಕೇಳಿದಾಗಲೆಲ್ಲ ಅಮ್ಮ ಹೇಳುತ್ತಿದ್ದದ್ದು ಒಂದೇ: "ನೀನು ಹುಟ್ಟೋ ಮೊದಲೇ ಹೋದರು. ಫೋಟೋ ತೆಗೆಸೋಕೂ ಪುರುಸೊತ್ತಾಗಲಿಲ್ಲ." ಆ ಮಾತಿಗೆ ಅಮ್ಮ ನಗುತ್ತಿದ್ದಳು, ಆಮೇಲೆ ಇಡೀ ದಿನ ಮಾತಾಡುತ್ತಿರಲಿಲ್ಲ.

ದುಃಖ ಬರಬೇಕಿತ್ತು. ಅಪ್ಪ ಎಂಬ ಪದಕ್ಕೆ ಒಂದು ಮುಖ ಸಿಕ್ಕಿತ್ತು, ಐದು ವರ್ಷ ತನ್ನ ಬೆರಳ ಕೆಳಗೇ ಮಿಡಿದ ನಾಡಿ ಸಿಕ್ಕಿತ್ತು. ಸಿಕ್ಕಿದ ಹೊತ್ತಿಗೆ ಅದು ನಿಂತು ಹನ್ನೊಂದು ದಿನವಾಗಿತ್ತು. ಅವಳು ಕಾದಳು. ಏನೂ ಬರಲಿಲ್ಲ. ಪಟ್ಟಿ ಬಿಗಿದು ಮರೆತ ತೋಳಿನಂತೆ ಒಳಗೆಲ್ಲ ಜೋಮು ಹಿಡಿದಿತ್ತು.

ಫೋನು ತೆಗೆದಳು.

"ಊಟ ಆಯ್ತಾ?" ಎಂದಳು ಅಮ್ಮ.

"ಆಯ್ತು. ಅಮ್ಮ, ನಮ್ಮ ಫ್ಲಾಸ್ಕ್ ಎಲ್ಲಿ?"

ಆ ಕಡೆ ಹೊಲಿಗೆಯಂತ್ರದ ಸದ್ದು ನಿಂತಿತು.

"ಯಾವ ಫ್ಲಾಸ್ಕು?"

"ನಮ್ಮನೆಯಲ್ಲಿ ಇರೋದು ಒಂದೇ."

"ಯಾರೋ ಬೇಕು ಅಂದ್ರು. ಕೊಟ್ಟೆ."

"ಯಾರು? ಇಸ್ಕೊಂಡು ಬಾ."

ಹೊಲಿಗೆಯಂತ್ರ ಒಂದು ಸಲ ಓಡಿ ನಿಂತಿತು. ಆಮೇಲೆ ಅಮ್ಮ, ದಾರ ಕಚ್ಚಿ ತುಂಡು ಮಾಡಿದವಳ ಹಾಗೆ, ಹೇಳಿದಳು: "ತಗೊಂಡವರೇ ಹೋದ ಮೇಲೆ ಫ್ಲಾಸ್ಕ್ ಕೇಳಬಾರದು, ಮಗಳೇ. ಕತ್ತಲಾಗೋಕೆ ಮುಂಚೆ ಮನೆಗೆ ಬಾ." ಫೋನು ಇಟ್ಟಳು.

ಮೇಜಿನ ಮೇಲೆ ಮೂರು ಚೀಟಿ.

ಬೇರೆ ಲ್ಯಾಬಿನಲ್ಲಿ ಒಂದು ಕಂಟ್ರೋಲ್ ಸಾಕು. ಮಗಳದು ಏರಿದೆ, ಗಡಿಯಾರನದು ಏರಿಲ್ಲ. ಅಷ್ಟರಿಂದಲೇ ಸಿಸ್ಟರ್ ಬಿಡುಗಡೆ. ಮೂರನೆಯ ಚೀಟಿ ಯಾರಿಗೂ ಬೇಕಾಗಿಲ್ಲ. ಅದು ಒಂದು ಕಾಗದದ ಚೂರು, ಹೆಸರು ಕೂಡ ಇಲ್ಲದ್ದು. ಯಾರ ಹೆಸರೂ ಬರೆಯಬೇಡಿ ಎಂದ ದೊಡ್ಡ ಡಾಕ್ಟರು ಇಂಥದ್ದೇ ಒಂದು ದಿನಕ್ಕಾಗಿ ಹೇಳಿದ್ದರೋ ಏನೋ.

ಸೂಜಿಯಕ್ಕ ಅದನ್ನು ನಾಲ್ಕು ಮಡಿಕೆ ಮಾಡಿ ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

*

"ಏರಿತಾ?" ಅಧಿಕಾರಿ ಬಾಗಿಲಲ್ಲೇ ಕೇಳಿದರು.

"ಏರಿತು, ಸಾರ್. ಕಂಟ್ರೋಲ್ ಏರಿಲ್ಲ."

ಅವರು ಎರಡು ಚೀಟಿಗಳನ್ನು ಬೆಳಕಿಗೆ ಹಿಡಿದು ಓದಿದರು, ಕುರ್ಚಿ ಎಳೆದು ಕೂತರು, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಒಳ್ಳೇದಾಯ್ತು. ನಾನು ಕೆಳಗೆ ಹೋಗಿ ಆ ಮಗುವಿಗೆ ಹೇಳಬೇಕು. ಹೇಳಿದ ತಕ್ಷಣ ಅಳ್ತಾಳೆ. ಅಳೋವರಿಗೆ ನನ್ನ ಹತ್ತಿರ ಯಾವತ್ತೂ ಕರವಸ್ತ್ರ ಇರಲ್ಲ."

"ಇಲ್ಲಿ ಹತ್ತಿ ಇದೆ," ಎಂದಳು ಸೂಜಿಯಕ್ಕ.

ಅವರು ನಕ್ಕರು, ಆದರೆ ಏಳಲಿಲ್ಲ.

"ಉಪ್ಪು ಸುಳ್ಳು ಅಂತಾಯ್ತು. ಸಿಸ್ಟರ್ ಪಾರು. ಹಾಗಾದ್ರೆ ಯಜಮಾನರು ಯಾಕೆ ಸತ್ತರು? ಈಗ ನನ್ನ ಕೈಯಲ್ಲಿ ಉಳಿದಿರೋದು ಒಂದು ಫ್ಲಾಸ್ಕು, ಒಂದು ಗವಸು. ಇವತ್ತು ಬೆಳಿಗ್ಗೆವರೆಗೆ ಅದನ್ನ ಯಾರೂ ಕೇಳ್ತಿರಲಿಲ್ಲ. ಈಗ ಕೇಳೋದು ಅದನ್ನೇ." ಚೀಟಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದರು. "ಅಕ್ಕ, ನನಗೆ ಓದು ಕಮ್ಮಿ, ಎಣಿಕೆ ಬರುತ್ತೆ. ಬೆಳಿಗ್ಗೆ ನಾನು ಮೂರು ಟ್ಯೂಬಿಗೆ ಸಹಿ ಹಾಕಿದ್ದೆ."

ಅವಳ ಕೈ ಜೇಬಿಗೆ ಹೋಯಿತು. ಹೋಗು ಎಂದು ಅವಳು ಹೇಳಿರಲಿಲ್ಲ. ನಾಲ್ಕು ಮಡಿಕೆ ಬಿಚ್ಚಿ, ಮೂರನೆಯ ಚೀಟಿಯನ್ನು ಉಳಿದೆರಡರ ಪಕ್ಕ ಇಟ್ಟಳು.

ಅಧಿಕಾರಿ ಓದಿದರು. ಇನ್ನೊಮ್ಮೆ ಓದಿದರು.

"ಎರಡರಲ್ಲಿ ಇದು ಯಾರದು?"

"ನಂದು."

"ಯಾವಾಗ ಗೊತ್ತಾಯ್ತು?"

"ಈಗ. ಮೂರು ಗಂಟೆಗೆ."

"ನಂಬಬೇಕು ಅಂತ ಆಸೆ ಇದೆ," ಎಂದರು ಅವರು, ಇನ್ನಷ್ಟು ಮೆತ್ತಗೆ. "ಬೆಳಿಗ್ಗೆ ನಾನು ಗವಸು ತೋರಿಸಿದಾಗ ಯಜಮಾನರ ಮಗಳು ಕೈಯಲ್ಲಿ ಹಿಡಿದು ನೋಡಿದ್ರು. ನೀವು ನೋಡಲೇ ಇಲ್ಲ. ನೋಡದೇನೇ 'ಇಲ್ಲ' ಅಂದ್ರಿ. ನಾನು ನೌಕರಿಗೆ ಸೇರಿದಾಗಿಂದ ಇಲ್ಲೀವರೆಗೆ ನೂರು ಜನಕ್ಕೆ ನೂರು ಸಾಮಾನು ತೋರಿಸಿದೀನಿ, ಅಕ್ಕ. ಗೊತ್ತಿಲ್ಲದವರು ಬಗ್ಗಿ ನೋಡ್ತಾರೆ."

ಅವರು ಎದ್ದು ಬಾಗಿಲನ್ನು ಮುಚ್ಚಿದರು. ಬಾಗಿಲ ಹಿಂದಿನ ಮೊಳೆಯಿಂದ ಊಟದ ಚೀಲವನ್ನು ತೆಗೆದು ತಂದು ಮೇಜಿನ ಮೇಲಿಟ್ಟರು. ಅದರ ಪಕ್ಕ ಬೂದುಬಣ್ಣದ ಗವಸು ಇಟ್ಟರು, ಮೂಲೆಗೆ ಮೂಲೆ ತಾಗುವಂತೆ.

ಮೇಲೆ ಮೂರು. ಕೆಳಗೆ ಎರಡು. ಮಧ್ಯೆ ಒಂದು ಗಂಟು. ಮೇಲೆ ಮೂರು. ಕೆಳಗೆ ಎರಡು. ಮಧ್ಯೆ ಒಂದು ಗಂಟು. ಸೂಜಿಯಕ್ಕ ಎಣಿಸಿದಳು. ಎಣಿಸುವ ಅಗತ್ಯ ಇರಲಿಲ್ಲ.

ಮುಚ್ಚಿದ ಕಿಟಕಿಯಾಚೆ, ಕೆಳಗೆ, ಯಾರೋ ನಗುತ್ತಿದ್ದರು. ಗಡಿಯಾರ ಈ ಸಲ ಸಮಯಕ್ಕಿಂತ ಮೊದಲೇ ಹೋಗಿ ಸುದ್ದಿ ಮುಟ್ಟಿಸಿದ್ದ. ಹನ್ನೊಂದು ದಿನದ ಮೇಲೆ ಸಿಸ್ಟರ್ ನಗುತ್ತಿದ್ದಳು.

"ಆರು ಗಂಟೆಗೆ ಅವರ ರಕ್ತ ತೆಗೆದವರು ನೀವು," ಎಂದರು ಅಧಿಕಾರಿ. "ಐದೂ ಮುಕ್ಕಾಲಿಗೆ ಅವರಿಗೆ ಕುಡಿಸಿದವರು ನಿಮ್ಮ ತಾಯಿ. ಹದಿನೈದು ನಿಮಿಷ, ಒಂದೇ ಮಂಚ. ನೀವು ಹೋದಾಗ ನಿಮ್ಮಮ್ಮ ಇನ್ನೂ ಅಲ್ಲೇ ಇದ್ರಾ, ಅಕ್ಕ?"